ಮನೆಭೇಟಿಯಲ್ಲಿ ಹೆಣ್ಣುಮಕ್ಕಳ ದಿನಚರಿ, ಮನಸ್ಸಿನ ಸ್ಥಿತಿ ಅಳೆಯುವ ಬಗೆ

ಪ್ರಶ್ನೆಪಟ್ಟಿ ಹೊರತೆಗೆಯುವ ಮುಂಚೆ ಜಾಗ ನೋಡಿಕೊಳ್ಳಿ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಏನು ಕೇಳಿದರೂ "ಎಲ್ಲಾ ಚೆನ್ನಾಗಿದೆ" ಎಂದೇ ಉತ್ತರ ಬರುತ್ತದೆ. ಮಧ್ಯಾಹ್ನದ ಊಟ ಮುಗಿದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮುಂಚಿನ ಹೊತ್ತು ಒಳ್ಳೆಯದು. ಮನೆಯಲ್ಲಿ ಏಕಾಂತ ಸಿಗದಿದ್ದರೆ ಅಂಗನವಾಡಿಯಲ್ಲಿ ಮಾತಾಡಿ. ಹೇಳಿದ್ದು ಮನೆಯವರ ಕಿವಿಗೆ ಬೀಳುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ನೆರವು ಕರೆಯುತ್ತೇವೆ ಎಂದು ಮೊದಲೇ ತಿಳಿಸಿ.

"ವ್ಯಾಯಾಮ ಮಾಡ್ತೀರಾ?" ಎಂದು ಕೇಳಬೇಡಿ. "ಇಲ್ಲ" ಅಂದುಬಿಡುತ್ತಾರೆ, ನೀರಿನ ಕೊಡ ಹೊತ್ತದ್ದು, ಹೊಲದಲ್ಲಿ ದುಡಿದದ್ದು ಲೆಕ್ಕಕ್ಕೇ ಬರುವುದಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಗಂಟೆವಾರು ಕೇಳಿ. ಉಸಿರು ತುಸು ಜೋರಾಗುವಂಥ ಕೆಲಸ ವಾರಕ್ಕೆ 150 ನಿಮಿಷ ಬೇಕು. ಒಲೆ ಮುಂದೆ ನಿಂತದ್ದು ಇದರಲ್ಲಿ ಸೇರದು. ಕೊನೆಗೆ ಉಣ್ಣುವವಳ ತಟ್ಟೆಗೆ ಎಷ್ಟು ಪಲ್ಯ, ಎಷ್ಟು ಬೇಳೆ ಉಳಿದಿತ್ತು ಎಂಬುದನ್ನೂ ಬರೆದುಕೊಳ್ಳಿ. ಉಪ್ಪು ಎಷ್ಟು ಎಂದರೆ ಯಾರಿಗೂ ಗೊತ್ತಿರುವುದಿಲ್ಲ, ಪ್ಯಾಕೆಟ್ ಎಷ್ಟು ದಿನ ಬಂತು ಎಂದು ಕೇಳಿ. ತಲೆಗೆ ದಿನಕ್ಕೆ 5 ಗ್ರಾಂ ಎಂದರೆ, ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನ ಬರಬೇಕು.

ಸೊಂಟದ ಸುತ್ತಳತೆಯನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ತೆಗೆಯಿರಿ. ಸೀರೆಯ ನೆರಿಗೆ ಮೇಲೆ ಟೇಪ್ ಇಟ್ಟರೆ ಅಳತೆ ತಪ್ಪು. ನಮ್ಮ ಹೆಂಗಸರಿಗೆ 80 ಸೆಂ.ಮೀ. ಮಿತಿ.

ಮನಸ್ಸಿನ ವಿಚಾರಕ್ಕೆ ಖಿನ್ನತೆಯ ಲಕ್ಷಣ ಅಳೆಯುವ ಪ್ರಶ್ನೆಪಟ್ಟಿಯಾದ ಪಿಎಚ್‌ಕ್ಯೂ-9 ಸಾಕು: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 3 ಅಂಕ, ಒಟ್ಟು 27. "ಖಿನ್ನತೆ ಇದೆಯಾ?" ಎಂದು ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. ಸುಸ್ತು, ಮೈಕೈ ನೋವು, ತಲೆನೋವು, ಬಿಳಿಸೆರಗು, ನಿದ್ದೆ ಬಾರದ್ದು: ನಮ್ಮಲ್ಲಿ ಮನಸ್ಸಿನ ನೋವು ಹೊರಬರುವ ದಾರಿಗಳು ಹಲವು ಸಲ ಇವೇ. ಅಲ್ಲಿಂದ ಆರಂಭಿಸಿ "ಬೇಜಾರು" ಕಡೆಗೆ ಬನ್ನಿ. ಆದರೆ ಪಟ್ಟಿಯ ಪ್ರಶ್ನೆಗಳ ಅರ್ಥ ಬದಲಿಸಬೇಡಿ, ಅಂಕ ಕೆಡುತ್ತದೆ.

ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಿ. ಅಂಕವೊಂದೇ ರೋಗನಿರ್ಣಯವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ ಕೂಡ ಸುಸ್ತು, ನಿದ್ದೆಯ ಅಂಕಗಳನ್ನು ಏರಿಸುತ್ತವೆ. ಹಿಮೋಗ್ಲೋಬಿನ್ 12 ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆಯೇ ಎಂದು ನೋಡಿಸಿ. ಹಾಗೆಂದು "ರಕ್ತ ಕಡಿಮೆ, ಅಷ್ಟೇ" ಎಂದು ಬಿಡಬೇಡಿ, ಎರಡೂ ಜೊತೆಗಿರಬಹುದು. ಬಾಣಂತಿಗೆ ಹೆರಿಗೆ ನಂತರದ ಖಿನ್ನತೆ ಅಳೆಯುವ ಎಡಿನ್‌ಬರೋ ಪಟ್ಟಿಯೇ ಸರಿ. ಅದರಲ್ಲಿ 10 ಪ್ರಶ್ನೆ, ಕಳೆದ 7 ದಿನಗಳ ಲೆಕ್ಕ.

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಸಂಕೋಚಪಟ್ಟು ಬಿಡುವುದು ಇದನ್ನೇ, ಬಿಡಲೇಬಾರದ್ದೂ ಇದನ್ನೇ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಟ್ಟು ಅಂಕ ಎಷ್ಟೇ ಇರಲಿ, ಇಲ್ಲಿ 1 ಬಂದರೂ ಯೋಜನೆ ಇದೆಯೇ, ಮನೆಯಲ್ಲಿ ಕೀಟನಾಶಕ ಇದೆಯೇ ಕೇಳಿ. ಅಪಾಯ ಕಂಡರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಅವರು ನಂಬುವವರನ್ನು ಕರೆಸಿ, ಕೀಟನಾಶಕ ತೆಗೆಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಡೆತ ಬಡಿತದ ಸುಳಿವಿದ್ದರೆ ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಬಾಯಲ್ಲೇ ಹೇಳಿಕೊಡಿ. ಚೀಟಿ ಗಂಡನ ಕೈಗೆ ಸಿಕ್ಕರೆ ಕಷ್ಟ.