ಪಕ್ಕದ ಮನೆಯ ಬ್ರಿಸ್‌ಗೆ ಹೋಗುವಾಗ

ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ ನಮ್ಮ ಪಕ್ಕದ್ದು ಯಹೂದಿಗಳ ಮನೆ. ಅಲ್ಲಿ ಗಂಡುಮಗು ಹುಟ್ಟಿ ಎಂಟನೆಯ ದಿನ ನಡೆಯುವ ಸುನ್ನತಿಗೆ ‘ಬ್ರಿಸ್’ ಅನ್ನುತ್ತಾರೆ. ಕರೆಯಲಿಲ್ಲವೆಂದು ಮುನಿಸಿಕೊಳ್ಳಬೇಡಿ. ‘ಗುರುವಾರ ಬೆಳಗ್ಗೆ ಎಂಟಕ್ಕೆ ಬ್ರಿಸ್’ ಎಂದು ತಿಳಿಸುತ್ತಾರೆ, ಅಷ್ಟೇ. ಕರೆದ ಮೇಲೆ ಹೋಗದಿದ್ದರೆ ಪುಣ್ಯಕಾರ್ಯವನ್ನೇ ನಿರಾಕರಿಸಿದಂತೆ. ಯಾರನ್ನೂ ಆ ಇಕ್ಕಟ್ಟಿಗೆ ಸಿಕ್ಕಿಸಬಾರದೆಂದು ಕರೆಯುವುದೇ ಇಲ್ಲ!

ಹುಟ್ಟಿದ ದಿನವೇ ಲೆಕ್ಕದ ಮೊದಲ ದಿನ, ಆದರೆ ಕತ್ತಲಾದರೆ ಮರುದಿನ ಶುರುವಾಯಿತು. ಸೋಮವಾರ ಮಧ್ಯಾಹ್ನ ಹುಟ್ಟಿದ ಕೂಸಿಗೆ ಮುಂದಿನ ಸೋಮವಾರ, ಅದೇ ರಾತ್ರಿ ಒಂಬತ್ತಕ್ಕೆ ಹುಟ್ಟಿದರೆ ಮಂಗಳವಾರ. ಮಗುವಿಗೆ ಕಾಮಾಲೆ ಬಂದರೆ ಮುಂದೂಡುವುದೂ ಉಂಟು, ಹಾಗಾಗಿ ಹಿಂದಿನ ಸಂಜೆ ಒಮ್ಮೆ ಕೇಳಿಕೊಂಡೇ ಹೊರಡಿ.

ನಾನು ಮೊದಲ ಸಲ ಡಬ್ಬಿ ತುಂಬ ಕೇಸರಿಬಾತ್ ಒಯ್ದೆ. ಪಕ್ಕದ ಮನೆಯಾಕೆ ಎರಡೂ ಕೈ ಚಾಚಿ ತೆಗೆದುಕೊಂಡರು, ಊಟದ ಮೇಜಿಗೆ ಮಾತ್ರ ಅದು ಬರಲೇ ಇಲ್ಲ. ಬೇಜಾರಾಗದೆ ಇರುತ್ತದೆಯೇ? ಆಮೇಲೆ ತಿಳಿಯಿತು. ಕೋಶರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುವ ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ನಮ್ಮ ಅಡುಗೆ ಎಷ್ಟೇ ಸಸ್ಯಾಹಾರಿಯಾದರೂ ನಮ್ಮ ಬಾಣಲೆ ಅವರ ಮಡಿಗೆ ಸಲ್ಲದು. ನಮ್ಮಜ್ಜಿಯ ಮಡಿ ಕಂಡವಳಿಗೆ ಇದು ಹೊಳೆಯಬೇಕಿತ್ತು. ಈಗ ಹೆಚ್ಚದ ಇಡೀ ಹಣ್ಣು ಒಯ್ಯುತ್ತೇನೆ, ಇಲ್ಲವೇ ವೃತ್ತದೊಳಗೆ ‘ಯು’ ಅಕ್ಷರದ ಕೋಶರ್ ಗುರುತಿರುವ ಮುಚ್ಚಿದ ಪೊಟ್ಟಣ. ಶನಿವಾರವಾದರೆ ಬರಿಗೈ, ಫೋನೂ ಮನೆಯಲ್ಲೇ. ಅದು ಅವರ ವಿಶ್ರಾಂತಿಯ ಪವಿತ್ರ ದಿನ, ಅಂದು ಅವರು ಫೋಟೊ ತೆಗೆಯುವುದಿಲ್ಲ.

ಒಳಗೆ ಅಲಂಕರಿಸಿದ ಕುರ್ಚಿಯೊಂದು ಖಾಲಿ ಕಂಡರೆ ಮಂಡಿನೋವೆಂದು ಕೂತುಬಿಡಬೇಡಿ. ಅದು ಬೈಬಲಿನ ಪ್ರವಾದಿ ಎಲೀಯನಿಗೆ ಮೀಸಲು. ಉಳಿದವರೆಲ್ಲ ನಿಂತೇ ಇರುತ್ತಾರೆ. ಮಗುವನ್ನು ತೊಡೆಯ ಮೇಲೆ ಹಿಡಿಯುವವನು ಸಂಡೆಕ್, ಎಷ್ಟೋ ಸಲ ಅಜ್ಜನೇ. ಸುನ್ನತಿ ಮಾಡುವವನು ಮೊಹೆಲ್. ಪಳಗಿದ ಕೈ, ಕೆಲವೇ ನಿಮಿಷದ ಕೆಲಸ. ಹೆಸರು ಹೊರಬೀಳುವುದು ಅದಾದ ಮೇಲೆ, ಮೊದಲೇ ಕೆದಕಬೇಡಿ. ‘ಮಜಲ್ ತೋವ್’ ಎಂದು ಶುಭ ಹಾರೈಸಿದರೆ ಸಾಕು.

ಆ ಹೊತ್ತಿಗೆ ಬಾಣಂತಿ ಪಕ್ಕದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರಬಹುದು. ಹೆಂಗಸರು ಒಬ್ಬರಾದರೂ ಹತ್ತಿರ ಹೋಗಿ ಕೈ ಹಿಡಿದು ಕೂರಿ, ಸಮಾಧಾನದ ಮಾತೇನೂ ಬೇಡ.

ಊಟ ಸಾಮಾನ್ಯವಾಗಿ ಹಾಲು, ಮೀನಿನದು. ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡಿನ ಮೇಲಿನ ಕಿತ್ತಳೆ ಬಣ್ಣದ ತೆಳು ಪದರ ಕ್ಯಾರೆಟ್ ಅಲ್ಲ, ಸಾಲ್ಮನ್ ಮೀನು, ನಮ್ಮೆಜಮಾನರನ್ನು ಕೇಳಿ. ಊಟದ ನಂತರದ ಪ್ರಾರ್ಥನೆ ಮುಗಿಯುವ ತನಕ ಏಳಬೇಡಿ. ಎದ್ದ ಮೇಲೆ ಕುರ್ಚಿ ಮಡಚಿ, ಕಾಗದದ ತಟ್ಟೆ ಎತ್ತಿ ಬನ್ನಿ, ಬಾಣಂತಿ ಮಲಗಲಿ.