ಐಮರದ ಅಳತೆ ಕೇಳಿ ಬಂದವರು

ನಾನು ಕೊಡಗಿನ ಒಂದು ಸಣ್ಣ ಪೇಟೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಚಿತ್ರಕಲೆ, ಶಿಲ್ಪ, ಕಟ್ಟಡಗಳ ಬಗ್ಗೆ ಒಂದು ಒಳ್ಳೆಯ ವಿಭಾಗ ಇರಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮೊದಲ ಸಲ ದುಡ್ಡು ಸಿಕ್ಕಾಗ ಒಬ್ಬ ವ್ಯಾಪಾರಿ ಕೊಟ್ಟ ಪಟ್ಟಿ ನೋಡಿ 22 ಪುಸ್ತಕ ತರಿಸಿದೆ. ಎಲ್ಲವೂ ದೊಡ್ಡ ಗಾತ್ರದವು, ಹೊಳೆಯುವ ಹಾಳೆಯವು. ಹೆಚ್ಚಿನವು ಇಟಲಿ, ಫ್ರಾನ್ಸಿನ ಚಿತ್ರಗಳು. ಹಾಳಾಗಬಾರದು ಅಂತ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ದಿನ ಬೀರು ತೆಗೆದೆ. ಗೋಡೆಗೆ ಒತ್ತಿಕೊಂಡಿದ್ದ ಕಡೆಯಿಂದ ನೀರು ಇಳಿದಿತ್ತು. ಕೆಳಗಿನ ಸಾಲಿನ ನಾಲ್ಕು ಪುಸ್ತಕ ತೆರೆಯಲೇ ಇಲ್ಲ. ಹಾಳೆಗಳೆಲ್ಲ ಸೇರಿ ಒಂದೇ ಹಲಗೆಯಂತಾಗಿದ್ದವು. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬಂತು. ಆವತ್ತು ನನಗೆ ಊಟ ಸೇರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಆರ್ಟ್ ಪೇಪರಿನ ಮೇಲೆ ನುಣುಪಿಗಾಗಿ ಬಿಳಿ ಜೇಡಿಯ ಲೇಪ ಇರುತ್ತದೆ. ಒದ್ದೆಯಾಗಿ ಒಣಗಿದರೆ ಅದೇ ಅಂಟಾಗುತ್ತದೆ. ಹಾಗಾಗಿ ಇಂಥ ಪುಸ್ತಕ ನೆನೆದರೆ ಮುಚ್ಚಿದ ಹಾಗೇ ಒಣಗಲು ಬಿಡಲೇಬಾರದು. ಒದ್ದೆ ಇರುವಾಗಲೇ ಹಾಳೆ ಹಾಳೆಯ ನಡುವೆ ಬಟರ್ ಪೇಪರ್ ಇಟ್ಟು, ಫ್ಯಾನಿನ ಕೆಳಗೆ ನಿಧಾನವಾಗಿ ಆರಿಸಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಬಯಲುಸೀಮೆಯ ಗ್ರಂಥಾಲಯದ ಕ್ರಮ ಇಲ್ಲಿ ನಡೆಯುವುದಿಲ್ಲ ಅಲ್ವಾ? ಈಗ ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ. ಬಾಗಿಲು ತೆಗೆಸಿದ್ದೇನೆ, ಗಾಳಿ ಆಡುತ್ತದೆ. ದೊಡ್ಡ ಪುಸ್ತಕಗಳನ್ನು ನಿಲ್ಲಿಸುವುದಿಲ್ಲ, ಮಲಗಿಸಿ ಇಡುತ್ತೇನೆ. ನಿಲ್ಲಿಸಿದರೆ ಒಳಗಿನ ಭಾರಕ್ಕೆ ಬೆನ್ನು ಕಿತ್ತುಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಅಂದರೆ ಜನ ದಿನಾ ಪುಸ್ತಕ ತೆರೆದು ನೋಡುವುದು. ಬೂಷ್ಟು ಶುರುವಾದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಆದರೆ ಯಾರು ತೆರೆದು ನೋಡುತ್ತಾರೆ? ಅದಕ್ಕೆ ಉತ್ತರ ಕೊಟ್ಟವರು ಒಬ್ಬ ಮರಗೆಲಸದ ಆಚಾರ್ರು. ಒಂದು ಭಾನುವಾರ ಬಂದರು. ಸೋಮವಾರ ನಮಗೆ ರಜೆ, ಭಾನುವಾರ ತೆರೆದಿರುತ್ತದೆ. ಕೆಲಸದವರು ಬರುವುದು ಆವತ್ತೇ. "ಅಕ್ಕಾ, ಐನ್‌ಮನೆ ರಿಪೇರಿ ಒಪ್ಪಿಕೊಂಡಿದ್ದೇನೆ. ಐಮರ ಪೂರ್ತಿ ಹೋಗಿದೆ. ಹಳೇ ಮನೆಗಳ ಚಿತ್ರ, ಅಳತೆ ಇರುವ ಪುಸ್ತಕ ಇದೆಯಾ?" ಅಂದರು. ಐನ್‌ಮನೆ ಅಂದರೆ ಒಂದು ಕುಲದವರೆಲ್ಲರ ಮೂಲ ಮನೆ. ಐಮರ ಅಂದರೆ ಐನ್‌ಮನೆಯ ಜಗುಲಿಯಲ್ಲಿ ಕಂಬಗಳ ನಡುವೆ, ಗಿಡ್ಡ ಗೋಡೆಯ ಮೇಲೆ ಕೂರಿಸಿದ ದಪ್ಪ ಹಲಗೆ. ಹಿರಿಯರು ಕೂರುವ ಜಾಗ. ನನ್ನ ಕಪಾಟಿನಲ್ಲಿ ರೋಮಿನ ಚರ್ಚುಗಳಿದ್ದವು. ಎರಡು ಮೈಲಿ ದೂರದ ಐನ್‌ಮನೆ ಇರಲಿಲ್ಲ. "ಇಲ್ಲ" ಅಂತ ಹೇಳಿ ಕಳಿಸಿದ್ದು ಇನ್ನೂ ಮನಸ್ಸಿನಲ್ಲಿದೆ.

ಆಮೇಲೆ ವ್ಯಾಪಾರಿಗಳ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಕೊಡಗಿನಲ್ಲಿ ಕಣ್ಣೆದುರು ನಿಂತಿರುವ ಕಟ್ಟಡಗಳಿಂದ ಶುರು ಮಾಡಿದೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನೇ ನೋಡಿ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ರಾಜರ ಗದ್ದಿಗೆಗಳೂ (ಸಮಾಧಿಗಳೂ) ಅದೇ ಥರ. ದೇವಸ್ಥಾನಕ್ಕೆ ಗುಮ್ಮಟ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಉತ್ತರ ಹುಡುಕಲು ಶ್ರೀರಂಗಪಟ್ಟಣದ ಗುಂಬಜ್, ವಿಜಯಪುರದ ಗೋಳಗುಮ್ಮಟ, ಕೇರಳದ ದೇವಸ್ಥಾನಗಳ ಪುಸ್ತಕ ಬೇಕು. ಒಂದು ಕಟ್ಟಡ ಮೂರು ಸಾಲು ಪುಸ್ತಕ ತರಿಸಿತು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಿಂದ ಗೋಥಿಕ್ ಶೈಲಿಗೆ ಹೋದೆ. ಮುಳ್ಳೂರಿನ ಬಸದಿಗಳಿಂದ ಹಿಂದೆ ಈ ಭಾಗ ಆಳಿದ ಕೊಂಗಾಳ್ವರ ಕಾಲದ ಜೈನ ಶಿಲ್ಪಕ್ಕೆ, ಕಕ್ಕಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ಗೋಡೆ ಚಿತ್ರಗಳಿಗೆ. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಇಟ್ಟೆ; ಆ ಮಾಲೆಯ ಮೊದಲ ಸಂಪುಟವೇ ಕೊಡಗಿನದು. ಇಟಲಿಯ ಪುಸ್ತಕಗಳೂ ಇವೆ. ಅವಕ್ಕೆ ಈಗ ಓದುಗರಿದ್ದಾರೆ, ಯಾಕೆಂದರೆ ಇಲ್ಲಿಂದ ಅಲ್ಲಿಗೆ ಹೋಗಲು ದಾರಿ ಇದೆ.

ಕನ್ನಡದ ಪುಸ್ತಕಗಳಿಗೆ ಲಲಿತಕಲಾ ಅಕಾಡೆಮಿ ಮತ್ತು ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಬಹಳ ಉಪಯೋಗಕ್ಕೆ ಬಂದವು. ಬೆಲೆ ಕಡಿಮೆ, ಮಕ್ಕಳಿಗೂ ಅರ್ಥವಾಗುತ್ತವೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಮಕ್ಕಳಿಗೆ ಬೇಕಾದ್ದನ್ನು ಎರಡೆರಡು ಪ್ರತಿ ಇಟ್ಟಿದ್ದೇನೆ.

ಜೋಡಿಸುವುದರಲ್ಲೂ ಒಂದು ತೊಡಕಿತ್ತು. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕಟ್ಟಡ ಕಲೆ 720. ಅದರೊಳಗೆ ದೇವಸ್ಥಾನ 726, ವಾಸದ ಮನೆ 728. ಆದರೆ ಐನ್‌ಮನೆಯ ವಿಷಯ ಇತಿಹಾಸದ 954ರಲ್ಲೂ ಇದೆ, ಹಬ್ಬ ಆಚರಣೆಗಳ 390ರಲ್ಲೂ ಇದೆ. ಆಚಾರ್ರು ಇದನ್ನೆಲ್ಲ ಹುಡುಕುತ್ತಾ ಕೂರಬೇಕಾ? 728ರ ಸಾಲಿನಲ್ಲಿ ಒಂದು ರಟ್ಟು ನಿಲ್ಲಿಸಿ, ಬೇರೆ ಪುಸ್ತಕ ಎಲ್ಲೆಲ್ಲಿವೆ ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಕಂಪ್ಯೂಟರ್ ಪಟ್ಟಿಗಿಂತ ಅದನ್ನೇ ಜನ ಜಾಸ್ತಿ ನೋಡುತ್ತಾರೆ.

ಇಷ್ಟಾದರೂ ಅಳತೆ ಇರುವ ಪುಸ್ತಕ ನನಗೆ ಸಿಗಲಿಲ್ಲ. ನಾವೇ ಮಾಡೋಣ ಅಂದುಕೊಂಡೆ. ಸುಗ್ಗಿ ಹಬ್ಬ ಹುತ್ತರಿಗೆ ಇಡೀ ಒಕ್ಕ (ಕುಲ) ಐನ್‌ಮನೆಗೆ ಬರುತ್ತದೆ. ಒಂದು ಮನೆಯ ಪಟ್ಟೆದಾರರ (ಕುಲದ ಯಜಮಾನರ) ಹತ್ತಿರ ಹೋಗಿ ಅನುಮತಿ ಕೇಳಿದೆ. "ಅಳೆಯಿರಿ, ಆದರೆ ಕನ್ನಿಕೋಂಬರೆಗೆ ಕ್ಯಾಮೆರಾ ಬೇಡ" ಅಂದರು. ಅದು ಕುಲದ ಹಿರಿಯರನ್ನು ನೆನೆಯುವ ಕೋಣೆ. ನಕ್ಷೆಯಲ್ಲಿ ಆ ಕೋಣೆಯ ಒಳಗನ್ನು ಖಾಲಿ ಬಿಟ್ಟಿದ್ದೇವೆ. ಅದು ಹಾಗೇ ಇರಬೇಕು. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಕಂಬಗಳನ್ನು ಬರೆದರು. ಟೇಪು ಹಿಡಿದವರು ಅದೇ ಆಚಾರ್ರು. ಎಲ್ಲಿ ಬೆಣೆ ಹೊಡೆದಿದ್ದಾರೆ, ಎಲ್ಲಿ ಮರ ಬದಲಾಗಿದೆ, ಕೈಯಿಂದ ಮುಟ್ಟಿಯೇ ಹೇಳಿಬಿಡುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ಅಂಚಿನಲ್ಲಿ ಬರೆದುಕೊಂಡೆ.

ಆ ಹಾಳೆಗಳು ಈಗ ಒಂದು ಫೈಲಿನಲ್ಲಿವೆ, 728ರ ಸಾಲಿನಲ್ಲಿ. ಹೊಳೆಯುವ ಹಾಳೆ ಅಲ್ಲ, ಸಾದಾ ಕಾಗದ, ನೆನೆದರೂ ಹಾಗೆ ಹಲಗೆಯಂತೆ ಅಂಟಿಕೊಳ್ಳುವುದಿಲ್ಲ. ಮುಂದಿನ ಹುತ್ತರಿಗೆ ಇನ್ನೊಂದು ಮನೆಯವರು ಬರಲು ಹೇಳಿದ್ದಾರೆ. ಈ ಸಲ ಉದ್ದದ ಟೇಪು ತಗೊಂಡು ಹೋಗಬೇಕು. ಜಗುಲಿ ಅಳೆಯುವಾಗ ಹೋದ ಸಲ ಸಾಲಲಿಲ್ಲ.