ಬಚ್ಚಲೊಲೆ ಇರುವ ಮನೆಗೆ ಅಡುಗೆಮನೆ ಚಿಮ್ನಿ: ನಾಲ್ಕನೇ ಸಲಕ್ಕೆ ಆಯಿತು

"ನಿನ್ನ ಮನೆಗೆ ಚಿಮ್ನಿ ಆಗೋ ಕೆಲಸ ಅಲ್ಲ ಮಾರಾಯ" ಅಂತ ಭಾವ ಹೇಳಿದ್ದು 2021ರ ದೀಪಾವಳಿಯಲ್ಲಿ. ಅಂಗಡಿಯಿಂದ ಫಿಟ್ಟಿಂಗಿಗೆ ಬಂದ ಹುಡುಗನೂ ಗೋಡೆ ನೋಡಿ ಮುಖ ಕಿವುಚಿದ್ದ. ಹಂಚಿನ ಮನೆ, ಜಂಬಿಟ್ಟಿಗೆ (ಮುರಕಲ್ಲು) ಗೋಡೆ, ಅಡುಗೆಮನೆಗೆ ಅಂಟಿಕೊಂಡೇ ಬಚ್ಚಲು, ಅಲ್ಲಿ ದಿನಾ ಉರಿಯುವ ಹಂಡೆ ಒಲೆ. ಇಂಥ ಮನೆಗೆ ಒಂದು ಎಕ್ಸಾಸ್ಟ್ ಫ್ಯಾನು ಸಿಕ್ಕಿಸಿ ಸುಮ್ನಿರಿ ಅನ್ನುವುದು ಎಲ್ಲರ ಸಲಹೆ. ನಾನು ಇಪ್ಪತ್ತು ವರ್ಷದಿಂದ ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ವೈರಿಂಗ್, ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿರುವವನು. ನನ್ನ ಮನೆಗೇ ಆಗೋದಿಲ್ಲ ಅಂದರೆ ಕೇಳಿಕೊಂಡು ಕೂರುವುದು ಹೇಗೆ?

ಅಮ್ಮನಿಗೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. "ಹೊಗೆ ಬಿಡೋದಕ್ಕೆ ಚಿಮಣಿ ಅಂತಿದ್ವಿ. ಈಗ ಹೊಗೆ ತೆಗೆಯೋದಕ್ಕೂ ಅದೇ ಹೆಸರಾ?" ಅಂತ ನಕ್ಕಿದ್ದರು. ಮುಂದಿನ ಎರಡು ವರ್ಷ ನನ್ನ ಚಿಮ್ನಿ ಹೆಚ್ಚುಕಮ್ಮಿ ಆ ಬುಡ್ಡಿಯ ಕೆಲಸವನ್ನೇ ಮಾಡಿತು.

ಎತ್ತರ, ಅಳತೆ, ಡ್ರಿಲ್ಲು ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಗ್ಯಾಸ್ ಒಲೆಯಿಂದ 28 ಇಂಚು ಬಿಟ್ಟಿದ್ದೇನೆ. ತಲೆಗೆ ತಾಗುತ್ತದೆ ಅಂತ ಮೂರಡಿಗೆ ಏರಿಸಿ, ಆಮೇಲೆ ಎಳೆಯೋದಿಲ್ಲ ಅಂತ ಮೋಟಾರಿಗೆ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲನೇ ಸಲ ಕೆಲಸವನ್ನು ಆ ಹುಡುಗನಿಗೇ ಬಿಟ್ಟೆ. ತಪ್ಪಾಯಿತು. ಚಿಮ್ನಿಗೆ ಹದಿನಾಲ್ಕು ಸಾವಿರ ಕೊಟ್ಟಿದ್ದೆ, ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವಂಥದ್ದು ಅಂತ ಡಬ್ಬದ ಮೇಲೆ ಬರೆದಿತ್ತು. ಫಿಟ್ಟಿಂಗ್ ಫ್ರೀ, ಆದರೆ ಪೈಪಿಗೆ ಬೇರೆ 1,800. ಅವನ ಹತ್ತಿರ ಇದ್ದದ್ದು ನಾಲ್ಕಿಂಚಿನ ತೂತು ಕೊರೆಯುವ ಡ್ರಿಲ್ ಬಿಟ್ಟು ಮಾತ್ರ. ಆರಿಂಚಿನ ಪೈಪನ್ನು ಹಿಸುಕಿ ನಾಲ್ಕಿಂಚಿನ ತೂತಿಗೆ ತುರುಕಿದ. ಲೆಕ್ಕ ಹಾಕಿ ನೋಡಿ. ಆರಿಂಚಿನ ಬಾಯಿ ಸುಮಾರು 28 ಚದರ ಇಂಚು, ನಾಲ್ಕಿಂಚಿನದು ಹನ್ನೆರಡೂವರೆ. ಅರ್ಧಕ್ಕೂ ಕಡಿಮೆ. ಡಬ್ಬದ ಮೇಲಿನ 1200 ಅನ್ನುವುದಂತೂ ಪೈಪೇ ಇಲ್ಲದಾಗಿನ ಮಾತು. ಮೇಲಿಂದ ಆ ಸುಕ್ಕುಸುಕ್ಕಿನ ಅಲ್ಯುಮಿನಿಯಂ ಪೈಪು. ಒಂದೊಂದು ಸುಕ್ಕೂ ಒಂದೊಂದು ಎಣ್ಣೆ ಬಟ್ಟಲು. ಒಲೆಯಿಂದ ಒಂದು ಕಿಡಿ ಒಳಗೆ ಹೋದರೆ ಆ ಬಟ್ಟಲುಗಳೆಲ್ಲ ಹಣತೆಗಳಾಗುತ್ತವೆ.

ತೂತು ಕೊರೆದದ್ದೂ ಪಡುವಣ ಗೋಡೆಗೆ. ನಮ್ಮ ಕಡೆಯ ಮಳೆ ಗೊತ್ತಲ್ಲ, ಗಾಳಿ ಜತೆ ಪಡುವಣದಿಂದ ಅಡ್ಡಡ್ಡ ಬಡಿಯುತ್ತದೆ. 2022ರ ಜೂನ್ ಬಂತು, ಚಿಮ್ನಿಯಿಂದ ಸಾರಿನ ಪಾತ್ರೆಗೆ ಮಳೆನೀರು ಇಳಿಯಿತು. ಅದೇ ವಾರ ಚಿಮ್ನಿಯ ಒಂದು ಬದಿ ಎರಡಿಂಚು ಜಗ್ಗಿತು. ಜಂಬಿಟ್ಟಿಗೆಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗಿಟ್ಟಿ ಹೊಡೆದರೆ ಇನ್ನೇನಾಗುತ್ತದೆ? ತೇವ ಕುಡಿದ ಕಲ್ಲು ಪುಡಿಪುಡಿಯಾಗಿ ಉದುರುತ್ತಿತ್ತು. ತೂತಿನೊಳಗೆ ಅರಳಿ ಹಿಡಿಯುವ ಆಂಕರ್ ಬೋಲ್ಟೂ ಹಾಕಿ ನೋಡಿದೆ, ಬಿಗಿ ಮಾಡಿದ ಹಾಗೆ ಕಲ್ಲು ಸೀಳಿತು. ಹದಿನೈದು ಕೆಜಿಯ ತಗಡು ಒಲೆಯ ಮೇಲೆ ನೇತಾಡುತ್ತಿದೆ, ಕೆಳಗೆ ಹೆಂಡತಿ ಒಗ್ಗರಣೆ ಹಾಕುತ್ತಿದ್ದಾಳೆ. ಅವತ್ತು ರಾತ್ರಿಯೇ ಬಿಚ್ಚಿಟ್ಟೆ.

ಆಗ ಯಾರೋ ಹೊಳಹು ಕೊಟ್ಟರು, ಪೈಪೇ ಬೇಡ, ಇದ್ದಿಲಿನ ಫಿಲ್ಟರ್ ಹಾಕಿ, ಗಾಳಿ ಒಳಗೇ ತಿರುಗಿಸಿ ಅಂತ. ಕಂಪನಿ ಫಿಲ್ಟರಿಗೆ ದುಡ್ಡು ಯಾಕೆ ಅಂತ ನಾನೇ ತೆಂಗಿನ ಗೆರಟೆ ಸುಟ್ಟು, ಇದ್ದಿಲು ಮಾಡಿ, ಬಲೆಯ ಚೀಲಕ್ಕೆ ತುಂಬಿದೆ. ಬಲೆ, ಚೌಕಟ್ಟು ಸೇರಿ ಏಳುನೂರು ರೂಪಾಯಿ. ಮೂರು ವಾರ ನಡೆಯಿತು. ಒಗ್ಗರಣೆಯ ಘಾಟು ಮನೆಯೆಲ್ಲ ಸುತ್ತಿ ವಾಪಸ್ ಬರುತ್ತಿತ್ತು, ದೇವರ ಕೋಣೆಯಲ್ಲೂ ಇಂಗಿನ ವಾಸನೆ. ಕಂಪನಿ ಫಿಲ್ಟರಿನಲ್ಲಿರುವುದು ಬೇರೆ ಥರ ಹದ ಮಾಡಿದ ಇದ್ದಿಲು, ನಮ್ಮ ಹಾಗೆ ಬರೀ ಸುಟ್ಟದ್ದಲ್ಲ. ಚೀಲ ಬಿಚ್ಚಿ ನೋಡಿದಾಗ ಇದ್ದಿಲೆಲ್ಲ ಎಣ್ಣೆ ಕುಡಿದು ಮಿರಮಿರ ಅನ್ನುತ್ತಿತ್ತು. ಒಲೆಯ ಮೇಲೆ ಎಣ್ಣೆಯಲ್ಲಿ ನೆನೆಸಿದ ಇದ್ದಿಲು ನೇತುಹಾಕಿಕೊಂಡು ಅಡುಗೆ ಮಾಡಿಸುತ್ತಿದ್ದೆ ನಾನು! ಇದನ್ನು ಯಾರೂ ಮಾಡಬೇಡಿ.

ಭಾವನದು ಇನ್ನೊಂದು ಐಡಿಯಾ. ಅಟ್ಟಕ್ಕೆ ಬಿಟ್ಟುಬಿಡು, ಹಂಚಿನ ಸಂದಿಯಲ್ಲಿ ಹೋಗುತ್ತದೆ ಅಂತ. ಅಟ್ಟದಲ್ಲಿ ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಐವತ್ತು ವರ್ಷದ ಇಲ್ಲಣ. ಅದಕ್ಕೆ ದಿನಾ ಎಣ್ಣೆ ಹಬೆ ಉಣ್ಣಿಸುವುದೇ?

ಮೂರನೇ ಸಲ ಎಲ್ಲ ನಾನೇ ಮಾಡಿದೆ, 2023ರ ಫೆಬ್ರವರಿಯಲ್ಲಿ. ಮೂಡಣ ಗೋಡೆಗೆ ಹೋದರೆ ಪೈಪು ಮೂರಡಿ ಜಾಸ್ತಿ, ಆದರೂ ಅಲ್ಲಿಗೇ ಹೋದೆ. ತಗಡಿನ ಕೆಲಸದವರ ಹತ್ತಿರ 24 ಗೇಜಿನ ಜಿಐ (ಸತುವು ಲೇಪಿಸಿದ ಕಬ್ಬಿಣ) ಶೀಟಿನಲ್ಲಿ ಆರಿಂಚಿನ ಪೈಪು ಮಾಡಿಸಿದೆ, ಸುಮಾರು 2,400 ಆಯಿತು. ಪೈಪು ತಿರುಗುವಲ್ಲಿ ಒಂದೇ ನೇರ ಮೂಲೆ ಬೇಡ, ಗಾಳಿ ಸಲೀಸಾಗಿ ಹೋಗಲಿ, ಎರಡು ಅರ್ಧ ಮೂಲೆ ಮಾಡಿ ಅಂದೆ. ಹೊರಗಡೆಗೆ ಸ್ವಲ್ಪ ಇಳಿಜಾರು ಕೊಟ್ಟೆ. ಒಳಗಿನ ತುಂಡು ಹೊರಗಿನ ತುಂಡಿನ ಒಳಕ್ಕೆ ಹೋಗಬೇಕು, ಉಲ್ಟಾ ಆದರೆ ಎಣ್ಣೆ ಜೋಡಣೆಯಲ್ಲಿ ಸೋರಿ ಗೋಡೆಗೆ ಇಳಿಯುತ್ತದೆ. ಬೆಸುಗೆಯ ಗೆರೆ ಮೇಲ್ಮುಖ. ಪಿವಿಸಿ ಪೈಪು ಅಗ್ಗ ಅಂತ ಹಾಕುವವರಿದ್ದಾರೆ. ನಾನು ಹಾಕೋದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ಬಿದ್ದರೆ ಅದರ ಹೊಗೆಯೇ ಸಾಕು ಮನೆ ಖಾಲಿ ಮಾಡಿಸಲು.

ಚಿಮ್ನಿ ತೂಗುಹಾಕಲು ಗೋಡೆಯ ಆಚೆ ಈಚೆ ತೂರುವ ಹತ್ತು ಎಂಎಂ ರಾಡು, ಹೊರಗೆ ಅಗಲ ಪಟ್ಟಿ, ಒಳಗೆ ಆಂಗಲ್ ಚೌಕಟ್ಟು. ಒಂಬೈನೂರು ರೂಪಾಯಿಯ ಕೆಲಸ. ನಾನೇ ನೇತಾಡಿ ನೋಡಿದೆ, ಅಲುಗಲಿಲ್ಲ. ಹೊರಗಿನ ಬಾಯಿಗೆ ತಗಡಿನ ಟೋಪಿ. ಸೊಳ್ಳೆಪರದೆಯ ಬಲೆ ಬಿಗಿದಿದ್ದೆ, ಎರಡು ತಿಂಗಳಿಗೆ ಜಿಡ್ಡು ಹಿಡಿದು ಪೂರಾ ಮುಚ್ಚಿತು. ಅರ್ಧ ಇಂಚಿನ ಬಲೆ ಸರಿ. ಇಲಿ ನುಗ್ಗೋದಿಲ್ಲ, ಕಣಜ ಮಾತ್ರ ಈಗಲೂ ಗೂಡು ಕಟ್ಟುತ್ತದೆ.

ಚಿಮ್ನಿ ಎಳೆಯುವುದು ನೋಡಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿ ಹುರಿದರೂ ಒಂದು ಸೀನು ಇಲ್ಲ. ಊರಿಗೆಲ್ಲ ಹೇಳಿಕೊಂಡು ಬಂದೆ.

ಜೂನ್ ಬಂತು, ಮಳೆ ಹಿಡಿಯಿತು, ಕಿಟಕಿ ಬಾಗಿಲೆಲ್ಲ ಮುಚ್ಚಿದೆವು. ಸಂಜೆ ಅಡುಗೆಯ ಹೊತ್ತಿಗೆ ಹೆಂಡತಿಗೆ ತಲೆನೋವು ಶುರುವಾಯಿತು. ಪಿತ್ತ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಕೊಟ್ಟರು. ನಾಲ್ಕೈದು ದಿನ ಹೀಗೇ. ಒಂದು ಸಂಜೆ ಹಸಿ ಸೌದೆ ಒಲೆಗೆ ಬಿದ್ದಿತ್ತು, ಬಚ್ಚಲ ಬಾಗಿಲ ಕೆಳಗಿಂದ ಹೊಗೆ ತೆಳ್ಳಗೆ ಹರಿದು ಅಡುಗೆಮನೆಗೆ ಬರುವುದು ಕಂಡಿತು. "ಇದನ್ನ ಬಂದ್ ಮಾಡಿ ನೋಡಿ" ಅಂದಳು ಅವಳು. ಚಿಮ್ನಿ ಆರಿಸಿದೆ. ಎರಡು ನಿಮಿಷದಲ್ಲಿ ಹೊಗೆ ತಿರುಗಿ ತನ್ನ ದಾರಿ ಹಿಡಿಯಿತು. ಮತ್ತೆ ಹಾಕಿದೆ, ಮತ್ತೆ ಬಂತು.

ಆಗ ತಲೆಗೆ ಹೊಳೆಯಿತು. ಮೊದಲಿನ ಚಿಮ್ನಿ ಎಳೆಯುತ್ತಲೇ ಇರಲಿಲ್ಲ, ಅದಕ್ಕೇ ಅಪಾಯವೂ ಇರಲಿಲ್ಲ. ಈಗಿನದು ಗಾಳಿಯನ್ನು ಹೊರಗೆ ತಳ್ಳುತ್ತಿದೆ, ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬಾಗಿಲೆಲ್ಲ ಮುಚ್ಚಿದ ಮನೆಯಲ್ಲಿ ತೆರೆದಿದ್ದ ದಾರಿ ಒಂದೇ, ಬಚ್ಚಲೊಲೆಯ ಹೊಗೆ ಕೊಳವೆ. ಮೇಲೆ ಹೋಗಬೇಕಾದ ಹೊಗೆಯನ್ನು ನನ್ನ ಚಿಮ್ನಿ ಕೆಳಗೆ ಎಳೆದು ಅಡುಗೆಮನೆಗೆ ತರುತ್ತಿತ್ತು. ಹೊಗೆ ಕಂಡರೆ ಪುಣ್ಯ. ಸೌದೆ ಕೆಂಡವಾದ ಮೇಲೆ ಹೊಗೆ ಕಾಣೋದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವ ಮನೆಗೂ ಇದೇ ಕಥೆ, ಅಲ್ಲಿ ಹೊಗೆಯ ಸುಳಿವೂ ಸಿಗೋದಿಲ್ಲ. ಮೋಟಾರು ರಿಪೇರಿ ಮಾಡುವವನು ಗಾಳಿಯ ಲೆಕ್ಕ ತಪ್ಪಿದ್ದೆ. ಒಂದು ವಾರ ಚಿಮ್ನಿ ಮುಟ್ಟಲಿಲ್ಲ.

ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತರಿಸಿದೆ, ಎರಡು ಸಾವಿರದ ಆಸುಪಾಸು. ಆಮೇಲೆ ಬಚ್ಚಲೊಲೆ ಆರಿಸಿ, ಊದಿನಕಡ್ಡಿ ಹಿಡಿದು ಮನೆಯ ಸಂದಿಗೊಂದಿಯೆಲ್ಲ ಸುತ್ತಿದೆ. ಒಂದನೇ ಸ್ಪೀಡಿನಲ್ಲಿ ಬಚ್ಚಲ ಬಾಗಿಲ ಹತ್ತಿರ ಹೊಗೆ ಅಲ್ಲಾಡುತ್ತದೆ ಅಷ್ಟೆ. ಮೂರನೆಯದರಲ್ಲಿ ಅಡುಗೆಮನೆ ಕಡೆಗೆ ಪೂರಾ ಮಲಗುತ್ತದೆ. ಒಲೆ ಪಕ್ಕದ ಕಿಟಕಿ ತೆರೆದರೆ ನೆಟ್ಟಗಾಗುತ್ತದೆ, ಆದರೆ ಗ್ಯಾಸಿನ ಉರಿ ಓಲಾಡಿ ಒಗ್ಗರಣೆ ಹೊಗೆ ಚಿಮ್ನಿ ತಪ್ಪಿಸಿಕೊಂಡು ಪಕ್ಕಕ್ಕೆ ಓಡುತ್ತದೆ. ಗಾಳಿ ದೂರದಿಂದ, ಕೆಳಗಿನಿಂದ, ಮೆಲ್ಲಗೆ ಬರಬೇಕು.

ಒರಳುಕಲ್ಲಿನ ಹಿಂದೆ, ಒಲೆಗೆ ಎದುರಿನ ಗೋಡೆಯಲ್ಲಿ ಅಜ್ಜನ ಕಾಲದ ಒಂದು ಕಂಡಿ ಇತ್ತು, ಯಾವಾಗಲೋ ಮಣ್ಣು ಮೆತ್ತಿ ಮುಚ್ಚಿದ್ದು. ಅದನ್ನೇ ಬಿಡಿಸಿದೆ. ಹತ್ತಿಂಚು ಅಗಲ, ಎಂಟಿಂಚು ಎತ್ತರ. ಚಿಮ್ನಿಯ ಪೈಪಿನ ಬಾಯಿಗಿಂತ ಎರಡೂವರೆ ಪಾಲಿಗೂ ಜಾಸ್ತಿ. ಹಾವು, ಇಲಿಗೆ ದಪ್ಪ ಬಲೆ. ಹೊರಗೆ ಕೆಳಮುಖದ ತಗಡಿನ ಗೂಡು. ಆ ಗೂಡಿನೊಳಗೆ ಒಂದು ತಗಡನ್ನು ಒಂದು ಓರೆಯಲ್ಲಿ ಕೂರಿಸಿದ್ದೇನೆ, ಇರಿಚಲು ಬಡಿದರೂ ಒಳಗೆ ಹನಿ ಬರೋದಿಲ್ಲ. ಆ ಓರೆ ಎಷ್ಟು ಅಂತ ಹೇಳೋದಿಲ್ಲ, ಅದು ನನ್ನ ಹೊಟ್ಟೆಪಾಡು. ಬಚ್ಚಲ ಬಾಗಿಲ ಕೆಳಗೆ ಹಳೇ ಸೈಕಲ್ ಟ್ಯೂಬು ಸೀಳಿ ಹೊಡೆದೆ.

ಚಿಮ್ನಿ ಹಾಕಿದೆ, ಮೂರನೇ ಸ್ಪೀಡು. ಬಚ್ಚಲ ಬಾಗಿಲಲ್ಲಿ ಊದಿನಕಡ್ಡಿಯ ಹೊಗೆ ನೆಟ್ಟಗೆ ನಿಂತಿತು. ಆಮೇಲೆ ಬಚ್ಚಲೊಲೆ ಹೊತ್ತಿಸಿ, ಅಲಾರಂ ಪಕ್ಕದಲ್ಲೇ ಇಟ್ಟು ಒಂದು ಗಂಟೆ ಕೂತೆ. ಸದ್ದಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಆಗಸ್ಟಿನ ಒಂದು ಸಂಜೆ ಅಲಾರಂ ಕಿರುಚಿತು. ಕಾಲಿಗೆ ಚಳಿ ಅಂತ ಅಮ್ಮ ಕಂಡಿಗೆ ಗೋಣಿಚೀಲ ತುರುಕಿದ್ದರು. ಬೈಯೋಕಾಗುತ್ತಾ? ಎಂಬತ್ತು ವರ್ಷದವರು, ಚಳಿ ಆಗುತ್ತದೆ. ಅದಕ್ಕೇ ಕಂಡಿಗೆ ಒಂದು ಮುಚ್ಚಳ ಮಾಡಿದೆ, ಆ ಮುಚ್ಚಳಕ್ಕೆ ಒಂದು ಲಿಮಿಟ್ ಸ್ವಿಚ್ಚು, ಅಂದರೆ ಮುಚ್ಚಳ ಆಡಿದ ಹಾಗೆ ತಾನೇ ಆನ್-ಆಫ್ ಆಗುವಂಥದ್ದು, ಅದನ್ನು ಚಿಮ್ನಿಯ ಲೈನಿಗೆ ಸೀರೀಸ್ ಕೊಟ್ಟೆ. ಮುಚ್ಚಳ ಪೂರಾ ತೆರೆದರೆ ಮಾತ್ರ ಚಿಮ್ನಿ ಓಡುತ್ತದೆ. ಮುಚ್ಚಿದರೆ ಲೈಟೂ ಇಲ್ಲ, ಫ್ಯಾನೂ ಇಲ್ಲ. ಸ್ವಿಚ್ಚಿಗೆ ನೂರಾ ಎಂಬತ್ತು ರೂಪಾಯಿ, ಕಂಡಿಯ ಕೆಲಸವೆಲ್ಲ ಸೇರಿ 1,200 ಇರಬಹುದು. ನೆಲದ ಹತ್ತಿರ ತೇವ ಇರುತ್ತದೆ, ಅಲ್ಲಿ ಆ ಸ್ವಿಚ್ಚು ಎರಡು ಮಳೆಗಾಲ ಹೇಗೆ ಬದುಕಿತು ಅನ್ನುವುದನ್ನೂ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. 2024, 2025 ಎರಡೂ ಮಳೆಗಾಲ ದಾಟಿತು. ತಲೆನೋವೂ ಇಲ್ಲ, ಅಲಾರಂ ಕೂಗಿದ್ದೂ ಇಲ್ಲ. ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ಸದ್ದು ಪರೀಕ್ಷೆ ಮಾಡುತ್ತೇನೆ.

ಕರೆಂಟಿನ ವಿಷಯ ನಿಮಗೆ ನಾನೇನು ಹೇಳುವುದು. ಆದರೂ ಪ್ಲಗ್ಗನ್ನು ಚಿಮ್ನಿಯ ಕವರಿನ ಹಿಂದೆ ಮುಚ್ಚಿಡಬೇಡಿ. 2023ರ ಏಪ್ರಿಲ್ ಗುಡುಗಿಗೆ ಚಿಮ್ನಿಯ ಟಚ್ ಬಟನ್ನಿನ ಬೋರ್ಡು ಸುಟ್ಟು 2,800 ಹೋಯಿತು, ಕೀಳೋಣ ಅಂದರೆ ಪ್ಲಗ್ಗಿಗೆ ಕೈ ಎಟುಕಲಿಲ್ಲ. ಈಗ ಕೈಗೆ ಸಿಗುವ ಕಡೆ ಇದೆ, ಗುಡುಗು ಶುರುವಾದರೆ ಕೀಳುವುದು. ಅರ್ತಿಂಗ್ ಸರಿ ಮಾಡಿಸಿ ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿದ್ದೇನೆ. ಒದ್ದೆ ಕೈಯಲ್ಲಿ ಮುಟ್ಟುವ ತಗಡು ಅದು.

ತೊಳೆಯುವುದರಲ್ಲೂ ಒಂದು ಸಲ ಕೈ ಸುಟ್ಟುಕೊಂಡೆ. ಚಿಮ್ನಿ ಜತೆ ಬಂದ ಅಲ್ಯುಮಿನಿಯಂ ಜಾಲರಿಯನ್ನು ಕಾಸ್ಟಿಕ್ ಸೋಡಾ ನೀರಿಗೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ನೀರು ಬುಸುಬುಸು ಕುದಿಯುತ್ತಿದೆ, ಜಾಲರಿ ಕಪ್ಪಗಾಗಿ ತೂತು ಬಿದ್ದಿದೆ. ಆ ಬುಸುಬುಸು ಹೈಡ್ರೋಜನ್, ಪುಣ್ಯಕ್ಕೆ ಅಂಗಳದಲ್ಲಿಟ್ಟಿದ್ದೆ. ಸ್ಟೀಲಿನ ಬ್ಯಾಫಲ್ (ತಗಡಿನ ಪಟ್ಟಿಗಳ) ಫಿಲ್ಟರಿಗೆ ಮತ್ತೆ 1,600. ಅದಕ್ಕೆ ಬಿಸಿನೀರು, ವಾಷಿಂಗ್ ಸೋಡಾ, ಅರ್ಧ ಗಂಟೆ ಸಾಕು. ಅಂಟುವಾಳದ ನೀರಲ್ಲೂ ಪ್ರಯತ್ನಿಸಿದೆ, ಹೊಸ ಜಿಡ್ಡಾದರೆ ಬಿಡುತ್ತದೆ, ಹಳೆಯದು ಜಪ್ಪಯ್ಯ ಅಂದರೂ ಬಿಡೋದಿಲ್ಲ. ನಮ್ಮಲ್ಲಿ ಹಲಸಿನ ಹಪ್ಪಳ ಕರಿಯುವುದು ಕೊಬ್ಬರಿ ಎಣ್ಣೆಯಲ್ಲಿ. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದು ಗಟ್ಟಿಯಾಗುತ್ತದೆ, ಡಿಸೆಂಬರಿನಲ್ಲಿ ಪೈಪಿನೊಳಗೆ ಬೆಣ್ಣೆ ಬಳಿದ ಹಾಗೆ ಕೂರುತ್ತದೆ, ಚಿಮ್ನಿಯಲ್ಲಿ ಎಣ್ಣೆ ಹಿಡಿಯಲು ಇರುವ ಬಟ್ಟಲು ಮಾತ್ರ ಖಾಲಿ. ಬಟ್ಟಲು ನೋಡಿ ಮೋಸ ಹೋಗಬೇಡಿ, ಟೋಪಿ ಬಿಚ್ಚಿ ಪೈಪಿಗೆ ಕೈ ಹಾಕಿ.

ಹೊರಗೆ ಬರುವ ಬಿಸಿಗಾಳಿ ವ್ಯರ್ಥ ಅಂತ ಟೋಪಿಯ ಕೆಳಗೆ ಪಾನಕದ ಮುರುಗಲು (ಕೋಕಂ) ಸಿಪ್ಪೆ ಒಣಗಿಸಲು ಇಟ್ಟಿದ್ದೆ. ಒಣಗಲೂ ಇಲ್ಲ, ಪಾನಕವೆಲ್ಲ ಸಾಸಿವೆ ವಾಸನೆ.

ಹೆಂಡತಿಗೆ, ಅಮ್ಮನಿಗೆ ಹೇಳಿಕೊಟ್ಟದ್ದು ಸ್ವಲ್ಪವೇ. ಒಲೆ ಹೊತ್ತಿಸುವ ಐದು ನಿಮಿಷ ಮೊದಲೇ ಹಾಕಿ, ಮುಗಿದು ಹತ್ತು ನಿಮಿಷ ಬಿಡಿ. ಪಾತ್ರೆ ಇಲ್ಲದೆ ಉರಿ ದೊಡ್ಡದು ಮಾಡಬೇಡಿ. ಬಾಣಲೆಗೆ ಬೆಂಕಿ ಹತ್ತಿದರೆ ಗ್ಯಾಸೂ ಚಿಮ್ನಿಯೂ ಬಂದ್, ಮೇಲೆ ತಟ್ಟೆ ಮುಚ್ಚಿ, ನೀರು ಹಾಕಲೇಬೇಡಿ. ಗ್ಯಾಸ್ ವಾಸನೆ ಬಂದರೆ ಎಳೆದು ಹಾಕಲಿ ಅಂತ ಚಿಮ್ನಿ ಒತ್ತುವ ಬುದ್ಧಿ ಬಹಳ ಜನಕ್ಕಿದೆ. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ ಮಲಗಿರುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ ಅಂದಿದ್ದೇನೆ.

ಎಲ್ಲ ಸೇರಿ 29 ಸಾವಿರದ ಹತ್ತಿರ ಖರ್ಚು. ಅದರಲ್ಲಿ ಏಳು ಸಾವಿರ ನನ್ನ ದಡ್ಡತನದ ಬಾಬ್ತು. ಆಮೇಲೆ ಎಂಟು ಮನೆಗೆ ಹೀಗೇ ಹಾಕಿಕೊಟ್ಟಿದ್ದೇನೆ, ಐದರಲ್ಲಿ ಹಂಡೆ ಒಲೆ ಇದೆ, ಎರಡರಲ್ಲಿ ಗ್ಯಾಸ್ ಗೀಸರ್. ಒಂಬತ್ತನೆಯದು ಭಾವನ ಮನೆ. ತಗಡು ತಂದಿಟ್ಟು ಎರಡು ತಿಂಗಳಾಯಿತು. ಮೊದಲು ಅರ್ತಿಂಗ್ ಗುಂಡಿ ತೋಡಿಸು ಅಂದಿದ್ದೇನೆ, ಅಡಿಕೆ ಕೊಯ್ಲು ಮುಗಿಯಲಿ ಮಾರಾಯ ಅನ್ನುತ್ತಿದ್ದಾನೆ.